ಬ್ಲೌಸಿನ ತೋಳು ಕೂರಬೇಕಾದರೆ: ಸೀಮ್ಲಿ2ಡಿ ಮತ್ತು ಫ್ರೀಸೋಯಿಂಗ್

ಸೀರೆಯ ಬ್ಲೌಸಿನ ಪ್ಯಾಟರ್ನನ್ನು (ಬಟ್ಟೆ ಕತ್ತರಿಸುವ ನಕ್ಷೆ) ಕಂಪ್ಯೂಟರಿನಲ್ಲಿ ಬರೆಯಲು ಹೊರಟವರಿಗೆ ಸೀಮ್ಲಿ2ಡಿ ಮತ್ತು ಫ್ರೀಸೋಯಿಂಗ್ ಎರಡೂ ಮುಕ್ತ ತಂತ್ರಾಂಶಗಳಾಗಿ ಉಚಿತವಾಗಿ ಸಿಗುತ್ತವೆ. ಮೊದಲನೆಯದರಲ್ಲಿ ಮೌಸ್ ಹಿಡಿದು ಬಿಂದು, ಗೆರೆ, ಕಂಸಗಳನ್ನು ಇಡುತ್ತ ಪ್ರತಿಯೊಂದರ ಉದ್ದ ಮತ್ತು ಕೋನಕ್ಕೆ ಸೂತ್ರ ಬರೆಯುತ್ತೇವೆ. ಎರಡನೆಯದರಲ್ಲಿ ಇಡೀ ಪ್ಯಾಟರ್ನೇ ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಒಂದು ಪ್ರೋಗ್ರಾಂ. ನಾನು 36 ಇಂಚು ಎದೆಸುತ್ತಿನ ಒಂದೇ ಬ್ಲೌಸನ್ನು ಎರಡರಲ್ಲೂ ಬರೆದು, ಆಮೇಲೆ ಅಳತೆಗಳನ್ನು 44ರ ಮೈಕಟ್ಟಿಗೆ ಬದಲಿಸಿ ನೋಡಿದೆ, ಏಕೆಂದರೆ ಜ್ಯಾಮಿತಿ ಗಟ್ಟಿಯಾಗಿದೆಯೋ ಇಲ್ಲವೋ ಎಂಬುದು ಅಳತೆ ಬದಲಾದಾಗಲೇ ತಿಳಿಯುತ್ತದೆ.

ಸರಳ ಕೆಲಸಗಳಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. 28 ಇಂಚು ಸೊಂಟದ ಅಂಬ್ರೆಲಾ ಲಂಗಕ್ಕೆ ಸೊಂಟವನ್ನು 6.28ರಿಂದ (ಪೈನ ಎರಡರಷ್ಟು) ಭಾಗಿಸಿದರೆ 4.46 ಇಂಚಿನ ತ್ರಿಜ್ಯ ಎಲ್ಲಿ ಬರೆದರೂ ಬರುತ್ತದೆ. ಆದರೆ ನಮ್ಮ ದರ್ಜಿಗಳ ಲೆಕ್ಕವೆಲ್ಲ ಇಂಚಿನಲ್ಲಿ. ಸೀಮ್ಲಿ ಅದನ್ನು ಹಾಗೆಯೇ ಒಪ್ಪುತ್ತದೆ, ಫ್ರೀಸೋಯಿಂಗ್ ಒಳಗೊಳಗೆ ಮಿಲಿಮೀಟರನ್ನೇ ಬಳಸುವುದರಿಂದ 36 ಇಂಚು ಅಲ್ಲಿ 914.4 ಆಗುತ್ತದೆ.

ಭುಜದ ತುದಿಯನ್ನು ಗುರುತಿಸಲು ಕತ್ತಿನ ಬಿಂದುವಿನಿಂದ ಭುಜದ ಉದ್ದದಷ್ಟು ತ್ರಿಜ್ಯದ ವೃತ್ತ ಎಳೆದು, ಅದು ಒಂದು ಗೆರೆಯನ್ನು ಎಲ್ಲಿ ಕತ್ತರಿಸುತ್ತದೆ ಎಂದು ನೋಡುತ್ತೇವೆ. ಇಂಥ ಕಡೆ ಸಾಮಾನ್ಯವಾಗಿ ಎರಡು ಉತ್ತರಗಳು ಬರುತ್ತವೆ. ಫ್ರೀಸೋಯಿಂಗ್ ಎರಡನ್ನೂ ಅಡ್ಡ ಅಥವಾ ಲಂಬ ಅಕ್ಷದ ಕ್ರಮದಲ್ಲಿ ಜೋಡಿಸಿ ಕೊಡುತ್ತದೆ, ಗೆರೆ ವೃತ್ತವನ್ನು ಮುಟ್ಟದಿದ್ದರೆ ಉತ್ತರವಿಲ್ಲವೆಂದೂ ಹೇಳುತ್ತದೆ. ಆ ಸ್ಥಿತಿಗೆ ಬೇರೆ ದಾರಿಯನ್ನು ನಾವೇ ಬರೆದಿಡಬಹುದು.

ಟಕ್ಸ್ (ಮೈಕಟ್ಟಿಗೆ ಹೊಂದಿಸಲು ಬಟ್ಟೆಯನ್ನು ಮಡಿಚಿ ಹೊಲಿಯುವ ತ್ರಿಕೋನ) ವಿಷಯದಲ್ಲಿ ಸೀಮ್ಲಿಯೇ ಮೇಲು. ಟಕ್ಸ್ ಮಡಿಚಿದಾಗ ಅಂಚಿನ ಗೆರೆ ಮುರಿಯದೆ ಕೂಡಬೇಕು. ಅದಕ್ಕೆಂದೇ ಅಲ್ಲೊಂದು ಸಾಧನವಿದೆ, ಬಿಂದುಗಳನ್ನು ತೋರಿಸಿದರೆ ಸಾಕು. ಫ್ರೀಸೋಯಿಂಗಿನಲ್ಲಿ ನಾನೇ ಕೋನ ಕಂಡುಹಿಡಿದು (1.25 ಇಂಚು ಅಗಲ, 4 ಇಂಚು ಉದ್ದದ ಟಕ್ಸಿಗೆ ಸುಮಾರು 17.8 ಡಿಗ್ರಿ), ಬಿಂದುಗಳನ್ನು ಟಕ್ಸಿನ ತುದಿಯ ಸುತ್ತ ತಿರುಗಿಸಬೇಕಾಯಿತು.

ನಿಜವಾದ ಪರೀಕ್ಷೆ ತೋಳಿನದು. ತೋಳಿನ ಮೇಲಂಚಿನ ವಕ್ರರೇಖೆಯ ಉದ್ದ ಆರ್ಮ್‌ಹೋಲಿನ (ತೋಳು ಕೂಡುವ ರಂಧ್ರದ) ಸುತ್ತಳತೆಗೆ ಹೊಂದಬೇಕು, ಇಲ್ಲವಾದರೆ ಹೊಲಿಗೆಯಲ್ಲಿ ನೆರಿಗೆ ಬೀಳುತ್ತದೆ ಅಥವಾ ಕಂಕುಳು ಎಳೆಯುತ್ತದೆ. ಸೀಮ್ಲಿಯಲ್ಲಿ ಪೈಥಾಗೊರಸ್ ಸೂತ್ರ ಹಾಕಿದೆ: ಆರ್ಮ್‌ಹೋಲ್ 16.5 ಇಂಚಾದರೆ ಅದರ ಅರ್ಧ 8.25 ಕರ್ಣ, ತೋಳಿನ ಅಗಲ 14ರಲ್ಲಿ ಅರ್ಧ 7 ಅಡಿಗೆರೆ, ಆಗ ತೋಳಿನ ಮೇಲಂಚಿನ ಎತ್ತರ 4.37. ಆದರೆ ವಕ್ರರೇಖೆ ಯಾವಾಗಲೂ ಕರ್ಣಕ್ಕಿಂತ ಉದ್ದವಾಗಿರುವುದರಿಂದ ಕರ್ಣದಲ್ಲಿ ಸ್ವಲ್ಪ ಕಳೆಯಬೇಕು, ಆ ಸ್ವಲ್ಪ ಎಷ್ಟೆಂಬುದು ಅಳತೆಯಿಂದ ಅಳತೆಗೆ ಬದಲಾಗುತ್ತದೆ. 36ಕ್ಕೆ ಹೊಂದಿದ ಕಡಿತ 44ಕ್ಕೆ ಹೊಂದಲಿಲ್ಲ. ವಕ್ರರೇಖೆಯ ಉದ್ದವನ್ನು ಸೀಮ್ಲಿ ನಿಖರವಾಗಿ ತಿಳಿಸುತ್ತದೆ, ಆದರೆ ಆ ಉದ್ದವನ್ನು ಗುರಿಯಾಗಿಟ್ಟು ಎತ್ತರವನ್ನು ತಾನೇ ಹುಡುಕುವುದಿಲ್ಲ. ಪ್ರತಿ ಅಳತೆಗೂ ಕೈಯಿಂದ ತಿದ್ದಬೇಕು. ಫ್ರೀಸೋಯಿಂಗಿನಲ್ಲಿ ತೋಳು ಬರೆ, ಉದ್ದ ಅಳೆ, ವ್ಯತ್ಯಾಸ 1 ಮಿಲಿಮೀಟರಿಗಿಂತ ಹೆಚ್ಚಿದ್ದರೆ ಎತ್ತರ ತಿದ್ದಿ ಮತ್ತೆ ಬರೆ ಎಂಬ ಪುನರಾವರ್ತನೆಯನ್ನು ಕೆಲವೇ ಸಾಲುಗಳಲ್ಲಿ ಬರೆದೆ, 44ರ ತೋಳು ತಾನಾಗಿಯೇ ಕೂತಿತು. ಈ ಒಂದು ಸಾಮರ್ಥ್ಯಕ್ಕಾಗಿಯೇ ಪ್ರೋಗ್ರಾಮಿಂಗ್ ಕಲಿಯುವ ಶ್ರಮ ಸಾರ್ಥಕ ಎಂಬುದು ನನ್ನ ದೃಢ ಅಭಿಪ್ರಾಯ.

ಹಾಗೆಂದು ನ್ಯೂಸ್‌ಪೇಪರಿನ ಮೇಲೆ ಪ್ಯಾಟರ್ನ್ ಬರೆದು ಕೈ ಪಳಗಿದ ದರ್ಜಿಗೆ ನಾನು ಫ್ರೀಸೋಯಿಂಗನ್ನು ಹೇಳಲಾರೆ. ಅವರು ಕಾಗದದ ಮೇಲೆ ಮಾಡುವ ಕೆಲಸದ ಕ್ರಮವೇ ಸೀಮ್ಲಿಯಲ್ಲೂ ಇದೆ. ಪಫ್ ತೋಳಿನಲ್ಲಿ ಹೆಚ್ಚುವರಿ ಉದ್ದ ಹೇಗೂ ನೆರಿಗೆಯಲ್ಲಿ ಸೇರಿಹೋಗುವುದರಿಂದ ಅವರಿಗೆ ಅದೇ ಧಾರಾಳ ಸಾಕು. ರೇಷ್ಮೆಯ ಬ್ಲೌಸಿಗೆ ಬಿಗಿಯಾದ ತೋಳನ್ನು ಹಲವರ ಅಳತೆಗೆ ಕೊಡಬೇಕಾದವರು ಮಾತ್ರ ಫ್ರೀಸೋಯಿಂಗಿಗೆ ಸಮಯ ಮೀಸಲಿಡಲಿ.