ನೀರಲ್ಲಿ ಬರೆಯೋ ಬಟ್ಟೆ: ಚೀನೀ ಅಕ್ಷರ ತಿದ್ದೋಕೆ ತಗೋಬಹುದಾ?

ಶಾಂಘೈಗೆ ಬಂದು ವರ್ಷ ಆಗ್ತಾ ಬಂತು, ಮಾತು ಅಷ್ಟಿಷ್ಟು ಬರುತ್ತೆ, ಆದ್ರೆ ಬರವಣಿಗೆ ಅಂದ್ರೆ ಫೋನಲ್ಲಿ ಪಿನ್‌ಯಿನ್, ಅಂದ್ರೆ ಉಚ್ಚಾರಣೆಯನ್ನ ಇಂಗ್ಲಿಷ್ ಅಕ್ಷರದಲ್ಲಿ ಒತ್ತಿ ಕೆಳಗೆ ಬರೋ ಅಕ್ಷರ ಆರಿಸೋದು ಅಷ್ಟೇ ಆಗಿತ್ತು. ಕೈಯಲ್ಲೇ ಬರೀಬೇಕು ಅನ್ನೋ ಆಸೆ ಹುಟ್ಟಿದ್ದು ಪಾರ್ಕಲ್ಲಿ. ಬೆಳಿಗ್ಗೆ ಹೊತ್ತು ವಯಸ್ಸಾದವರು ಉದ್ದ ಕೋಲಿನ ತುದೀಲಿ ಸ್ಪಂಜಿನ ಕುಂಚ ಸಿಕ್ಕಿಸ್ಕೊಂಡು, ನೀರಲ್ಲಿ ಅದ್ದಿ, ಕಲ್ಲುಹಾಸಿನ ಮೇಲೆ ಬರೀತಿರ್ತಾರೆ, ಇದಕ್ಕೆ ದಿಶು ಅಂತಾರೆ, ನೆಲದ ಬರಹ ಅಂತ ಅರ್ಥ. ಸ್ವಲ್ಪ ಹೊತ್ತಿಗೆಲ್ಲಾ ಒಣಗಿ ಹೋಗುತ್ತೆ, ಅವರು ಮತ್ತೆ ಬರೀತಾರೆ.

ಅದನ್ನೇ ಮನೇಲಿ ಮಾಡೋಕೆ ಸಿಗೋದು ಶುಯ್‌ಶ್ಯೆಬು, ನೀರಲ್ಲಿ ಬರೆಯೋ ಬಟ್ಟೆ. ಪುಸ್ತಕ, ಕುಂಚ, ಕಾಗದದ ಅಂಗಡಿಗಳಿರೋ ಫುಝೌ ರಸ್ತೇಲಿ ಒಂದು ಸಣ್ಣ ಅಂಗಡಿಯಿಂದ 35 ಯುವಾನ್‌ಗೆ ತಗೊಂಡೆ: ಸುರುಳಿ ಸುತ್ತಿದ ಬಟ್ಟೆ, ಒಂದು ಕುಂಚ, ನೀರಿಗೆ ಪುಟ್ಟ ತಟ್ಟೆ. ಬೂದು ಬಣ್ಣದ ಬಟ್ಟೆ ಒದ್ದೆ ಆದಲ್ಲಿ ಮಸಿ ಥರ ಕಪ್ಪಾಗುತ್ತೆ, ಐದಾರು ನಿಮಿಷಕ್ಕೆ ಮಾಯ. ಮಸಿ ಇಲ್ಲ, ಕೈ ಕೊಳೆ ಇಲ್ಲ, ಕಾಗದದ ಖರ್ಚಿಲ್ಲ.

ಬಟ್ಟೆ ಮೇಲೆ ಚೌಕ ಪ್ರಿಂಟ್ ಆಗಿರುತ್ತೆ. ಬರೀ ಅಡ್ಡ, ಉದ್ದ ಗೆರೆ ಇದ್ರೆ ಅದು ತ್ಯೆನ್ ಅಂದ್ರೆ ಗದ್ದೆ ಅನ್ನೋ ಅಕ್ಷರದ ಚೌಕ, ಜೊತೆಗೆ ಓರೆ ಗೆರೆಗಳೂ ಇದ್ರೆ ಮಿ ಅಂದ್ರೆ ಅಕ್ಕಿಯ ಚೌಕ. ನಮ್ಮ ಅಕ್ಷರಾಭ್ಯಾಸದಲ್ಲಿ ತಟ್ಟೆ ಅಕ್ಕಿ ಮೇಲೆ ಬೆರಳು ಹಿಡಿಸಿ ಬರೆಸ್ತಾರಲ್ಲ, ಅದು ನೆನಪಾಗಿ ಅಕ್ಕಿಯ ಚೌಕದ್ದನ್ನೇ ಆರಿಸ್ದೆ.

ಈಗ ಮುಖ್ಯ ವಿಷಯ, ಬಿಶುನ್, ಅಂದ್ರೆ ಗೆರೆಗಳ ಕ್ರಮ. ಮೇಲಿಂದ ಕೆಳಗೆ, ಎಡದಿಂದ ಬಲಕ್ಕೆ, ಅಡ್ಡಗೆರೆ ಆದ್ಮೇಲೆ ಉದ್ದಗೆರೆ, ಗುವೊ (ದೇಶ ಅಂತ ಅರ್ಥ) ಥರ ಪೆಟ್ಟಿಗೆ ಅಕ್ಷರ ಆದ್ರೆ ಒಳಗಿನದೆಲ್ಲಾ ಬರೆದ್ಮೇಲೇ ಕೆಳಗಿನ ಗೆರೆ ಹಾಕಿ ಬಾಗಿಲು ಮುಚ್ಚೋದು. ಬಾಲ್‌ಪೆನ್ನಲ್ಲಿ ಬರೀವಾಗ ಇದೆಲ್ಲಾ ಯಾಕಪ್ಪಾ, ಕೊನೇಗೆ ಆಕಾರ ಒಂದೇ ತಾನೇ ಅನ್ನಿಸ್ತಿತ್ತು. ಕುಂಚ ಹಿಡಿದ್ಮೇಲೆ ಯಾಕೆ ಅಂತ ಕೈಗೇ ಗೊತ್ತಾಯ್ತು. ಶ್ಯಾವ್ ಅನ್ನೋ ಅಕ್ಷರ ತಗೊಳ್ಳಿ, ಚಿಕ್ಕದು ಅಂತ ಅರ್ಥ, ಮೂರೇ ಗೆರೆ, ಎಡದಿಂದ ಬಲಕ್ಕೆ ಅನ್ನೋದು ಇಲ್ಲಿ ನಡೆಯಲ್ಲ: ಮೊದಲು ನಡುವಿನ ಉದ್ದಗೆರೆ, ಆಮೇಲೆ ಎಡದ್ದು, ಆಮೇಲೆ ಬಲದ್ದು. ಆ ನಡುಗೆರೆ ಕೆಳಗೆ ಒಂದು ಕೊಕ್ಕೆ ಆಗಿ ಎಡಕ್ಕೆ ಚಿಮ್ಮುತ್ತೆ, ಚಿಮ್ಮಿದ ಕುಂಚ ಸೀದಾ ಎಡಗೆರೆ ಶುರುವಾಗೋ ಕಡೆಗೇ ಹೋಗುತ್ತೆ! ನಡುಗೆರೆ ಕೊನೇಗೆ ಬರೆದ್ರೆ ಆ ಕೊಕ್ಕೆಗೆ ಹೋಗೋ ಜಾಗವೇ ಇರಲ್ಲ. ಇದನ್ನ ಕಂಡ ದಿನ ಒಂದು ಗಂಟೆ ಶ್ಯಾವ್ ಒಂದನ್ನೇ ಬರೆದಿದೀನಿ.

ಆದ್ರೆ ಒಂದು ಕೊರತೆ ಹೇಳ್ಲೇಬೇಕು, ಬಟ್ಟೆ ಕ್ರಮ ಕಲಿಸಲ್ಲ, ನೀವು ಹೆಂಗೆ ಬರೆದ್ರೂ ಒಪ್ಕೊಳ್ಳುತ್ತೆ. ನಾನು ಮೊದಲು ಫೋನಲ್ಲಿ ಒಂದು ಆಪ್ ನೋಡ್ಕೊಂಡು ತ್ಯೆನ್ ಬರೀತಿದ್ದೆ, ಒಳಗಿನ ಉದ್ದಗೆರೆ ಮೊದಲು, ಅಡ್ಡಗೆರೆ ಆಮೇಲೆ. ಟೀಚರ್ ನೋಡಿದ ತಕ್ಷಣ ಇದು ಜಪಾನಿನವರ ಕ್ರಮ ಅಂದ್ರು. ಚೀನಾದಲ್ಲಿ ಒಳಗೆ ಅಡ್ಡಗೆರೆಯೇ ಮೊದಲು. ಒಂದೇ ಅಕ್ಷರ, ಎರಡು ದೇಶಕ್ಕೆ ಎರಡು ಕ್ರಮ, ಇದು ಗೊತ್ತಿಲ್ದೆ ಎರಡು ತಿಂಗಳು ತಿದ್ದಿದ್ದನ್ನ ಮರೆಯೋದು ಕಲಿಯೋದಕ್ಕಿಂತ ಕಷ್ಟ ಆಯ್ತು. ಚೀನಾದ್ದೇ ಕಲೀತೀರಾ ಅಂದ್ರೆ ಅಲ್ಲಿನ ಸರ್ಕಾರದ ಕ್ರಮ ಅನುಸರಿಸೋ ಪುಸ್ತಕಾನೇ ನೋಡಿ, 2021ರ ಮಾರ್ಚ್ 1ರಿಂದ ಜಾರಿಯಾದ ನಿಯಮದಲ್ಲಿ 8105 ಅಕ್ಷರಗಳಿಗೆ ಗೆರೆ ಗೆರೆಯಾಗಿ ಕ್ರಮ ಕೊಟ್ಟಿದಾರೆ.

ಹಾಗಾಗಿ ಜೊತೆಗೆ ಒಂದು ಮ್ಯಾವ್‌ಹೊಂಗ್ ಪುಸ್ತಕ ತಗೊಳ್ಳಿ. ಕೆಂಪಗೆ ಅಚ್ಚಾದ ಅಕ್ಷರದ ಮೇಲೇ ತಿದ್ದೋದು, ನಾವು ಸ್ಲೇಟಲ್ಲಿ ಮೇಷ್ಟ್ರು ಬರೆದ 'ಅ' ಮೇಲೆ ಬಳಪ ಆಡಿಸ್ತಿದ್ವಲ್ಲ, ಥೇಟ್ ಅದೇ. ಒಂದನೇ ಕ್ಲಾಸಿನ ಮಕ್ಕಳದ್ದು ಸಾಕು, ಪಕ್ಕದಲ್ಲಿ ಒಂದೊಂದೇ ಗೆರೆ ಸೇರಿಸ್ತಾ ಹೋಗಿ ತೋರಿಸಿರೋದನ್ನ ಆರಿಸಿ. ಬೆಳಿಗ್ಗೆ ಪುಸ್ತಕದಲ್ಲಿ ಐದು ಅಕ್ಷರ ತಿದ್ದೋದು, ರಾತ್ರಿ ಅದನ್ನೇ ಪುಸ್ತಕ ಮುಚ್ಚಿಟ್ಟು ಬಟ್ಟೆ ಮೇಲೆ, ಇದು ನಂಗೆ ಚೆನ್ನಾಗಿ ಹಿಡೀತು.

ಇನ್ನೊಂದು ಲಾಭ ನಾನು ಅಂದ್ಕೊಂಡೇ ಇರ್ಲಿಲ್ಲ. ಇಲ್ಲಿನವರು ಬೇಗ ಬರೀವಾಗ ಗೆರೆಗಳು ಒಂದಕ್ಕೊಂದು ಅಂಟ್ಕೊಳ್ಳುತ್ವೆ, ಆದ್ರೆ ಅಂಟ್ಕೊಳ್ಳೋದೂ ಕ್ರಮದಲ್ಲೇ. ನಮ್ಮ ಬಿಲ್ಡಿಂಗ್ ವಾಚ್‌ಮನ್ ಬಾಗಿಲಿಗೆ ಅಂಟಿಸಿ ಹೋಗೋ ಚೀಟಿ ಮೊದಲು ಬರೀ ದಾರದ ಸಿಕ್ಕು ಥರ ಕಾಣ್ತಿತ್ತು, ಈಗ ಬೆರಳಲ್ಲಿ ಗಾಳಿ ಮೇಲೆ ಬರ್ಕೊಂಡು ನೋಡಿದ್ರೆ ಅರ್ಧದಷ್ಟಾದ್ರೂ ಬಿಡಿಸ್ಕೊಳ್ಳುತ್ತೆ.

ತಗೊಳ್ಳೋರಿಗೆ: ಸೆಟ್ ಜೊತೆ ಬರೋ ಕುಂಚ ಪ್ರಯೋಜನ ಇಲ್ಲ, ವಾರಕ್ಕೆ ಕೂದಲು ಉದುರಿ ತುದಿ ಕವಲಾಯ್ತು, ಬೇರೇದು ತಗೊಳ್ಳಿ. ನೀರಲ್ಲಿ ಅದ್ದಿದ್ಮೇಲೆ ತಟ್ಟೆ ಅಂಚಿಗೆ ಒರೆಸಿ, ಇಲ್ದಿದ್ರೆ ಹರಡಿ ಗೆರೆಯ ತುದಿಯೇ ಕಾಣಲ್ಲ. ಮಡಚಬೇಡಿ, ಸುತ್ತಿಡಿ, ಎಣ್ಣೆ ಕೈ ತಾಗಿಸ್ಬೇಡಿ, ಅಲ್ಲಿ ಮತ್ತೆ ಕಪ್ಪಾಗಲ್ಲ. ನಾಲ್ಕು ತಿಂಗಳಾಯ್ತು, ದಿನಾ ಬರೀತೀನಿ, ಅಂಚಲ್ಲಿ ನೂಲು ಬಿಡೋಕೆ ಶುರುವಾಗಿದೆ, ಅಕ್ಷರ ಮಾತ್ರ ಮೊದಲ ದಿನದಷ್ಟೇ ಕಪ್ಪಗೆ ಮೂಡುತ್ತೆ.