ಮೆಸ್ಸಿನ ಮುಸುರೆಯಿಂದ ಕರೆಂಟು: ಒಂದು ವರ್ಷ ಬಳಸಿದ್ಮೇಲೆ

ಸಾಗರದಲ್ಲಿ ನಮ್ದೊಂದು ಸಣ್ಣ ಮೆಸ್ಸು, ದಿನಕ್ಕೆ ಹತ್ತತ್ರ 40 ಕೆಜಿ ಮುಸುರೆ ಬೀಳುತ್ತೆ. ಮೊದ್ಲೆಲ್ಲ ಪಕ್ಕದ ಮನೆ ದನಕ್ಕೆ ಅಕ್ಕಚ್ಚು ಅಂತ ಹೋಗ್ತಿತ್ತು, ಅವ್ರು ದನ ಮಾರಿದ್ಮೇಲೆ ಬಕೆಟ್ಟುಗಟ್ಲೆ ಹಾಗೇ ಉಳಿಯೋಕೆ ಶುರುವಾಯ್ತು, ಆಗ ಹಾಕ್ಸಿದ್ದು ಈ ಬಯೋಗ್ಯಾಸ್ ಪ್ಲಾಂಟು, ಜೊತೆಗೆ ಆ ಗ್ಯಾಸಲ್ಲೇ ಓಡೋ ಜನರೇಟ್ರು. ಯಾವ ಕಂಪನಿ ಅಂತ ಹೇಳಲ್ಲ, ಜಗಳ ಇನ್ನೂ ಮುಗಿದಿಲ್ಲ.

ಟ್ಯಾಂಕಿಗೆ ನಾಲ್ಕು ಸ್ಟಾರ್ ಕೊಡ್ತೀನಿ. ಸಗಣಿ ಕದಡಿ ಹಾಕಿ ಮೂರು ವಾರ ಬಿಟ್ವಿ, ಆಮೇಲೆ ಒಲೆ ಹಚ್ಚಿದ್ರೆ ಚೆಂದ ನೀಲಿ ಉರಿ. ದಿನಕ್ಕೆ 4 ಕ್ಯೂಬಿಕ್ ಮೀಟರ್ ಆಸುಪಾಸು ಗ್ಯಾಸ್ ಬರುತ್ತೆ.

ಜನರೇಟ್ರಿಗೆ ಒಂದೇ ಸ್ಟಾರ್. ಫಿಟ್ ಮಾಡೋಕೆ ಬಂದ ಹುಡುಗ "ಅಣ್ಣಾ, ಇನ್ಮೇಲೆ ಕರೆಂಟ್ ಬಿಲ್ಲೇ ಬರಲ್ಲ ನಿಮ್ಗೆ" ಅಂದಿದ್ದ. ಒಂದು ಕ್ಯೂಬಿಕ್ ಮೀಟರ್ ಗ್ಯಾಸಲ್ಲಿ ಸುಮಾರು 6 ಯೂನಿಟ್ಟಿನಷ್ಟು ಶಾಖ ಇರುತ್ತೆ ನಿಜ, ಆದ್ರೆ ಇಷ್ಟು ಸಣ್ಣ ಇಂಜಿನ್ನು ಅದ್ರಲ್ಲಿ ಐದನೇ ಒಂದು ಪಾಲು ಕರೆಂಟ್ ಮಾಡಿದ್ರೆ ಹೆಚ್ಚು, ಮಿಕ್ಕಿದ್ದೆಲ್ಲ ಸೈಲೆನ್ಸರ್ ಕಾಯ್ಸೋಕೇ ಖರ್ಚು. ಇಡೀ ದಿನದ ಗ್ಯಾಸ್ ಸುಟ್ರೂ ಸಿಗೋದು 4-5 ಯೂನಿಟ್ಟು ಮಾರಾಯ್ರೆ! ಅದನ್ನೇ ಒಲೆಗೆ ಬಿಟ್ರೆ ಒಂದೂಮುಕ್ಕಾಲು ಕೆಜಿ ಎಲ್‌ಪಿಜಿ ಉಳಿಯುತ್ತೆ, ಹನ್ನೊಂದು ದಿನಕ್ಕೊಂದು 19 ಕೆಜಿ ಸಿಲಿಂಡರ್ ಅಂತ ಲೆಕ್ಕ ಹಾಕಿ.

ಇನ್ನೊಂದು, ಈ ಗ್ಯಾಸಲ್ಲಿ ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಇರುತ್ತೆ, ಅದು ಇಂಜಿನ್ ತಿನ್ನುತ್ತೆ. ಅದಕ್ಕೆ ಪೈಪಲ್ಲಿ ಫಿಲ್ಟರ್ ಬೇಕು, ಇವ್ರು ಖಾಲಿ ಡಬ್ಬಿ ಕೂರ್ಸಿ ಹೋಗಿದ್ರು. ಎರಡೇ ತಿಂಗ್ಳಿಗೆ ಆಯಿಲ್ ಡಾಂಬರಿನ ಹಾಗೆ, ಇಂಜಿನ್ನಿಗೆ ಗ್ಯಾಸ್ ಬಿಡೋ ಹಿತ್ತಾಳೆ ಜೆಟ್ಟು ಕರ್ರಗೆ. ಮೂರು ಸಲ ಫೋನ್ ಮಾಡಿದ್ರೆ ಮೂರು ಸಲಾನೂ "ಮಳೆ ಕಮ್ಮಿ ಆಗ್ಲಿ ಸಾರ್, ಬರ್ತೀವಿ". ಕೊನೆಗೆ ನಾನೇ ಲೇತ್ ಅಂಗಡಿಯಿಂದ ಕಬ್ಬಿಣದ ಚೂರು ತಂದು ನೀರು ಚಿಮುಕ್ಸಿ ತುಕ್ಕು ಹಿಡ್ಸಿ ಆ ಡಬ್ಬಿಗೆ ತುಂಬಿದೆ, ತುಕ್ಕೇ ಆ ಹೈಡ್ರೋಜನ್ ಸಲ್ಫೈಡನ್ನ ಹಿಡಿಯೋದು.

ಜುಲೈ ಥಂಡಿಗೆ ಗ್ಯಾಸ್ ಅರ್ಧಕ್ಕಿಳಿಯುತ್ತೆ. ಕರೆಂಟ್ ಮಾಡೋ ಲಿಂಗನಮಕ್ಕಿ ಡ್ಯಾಮು ಪಕ್ಕದಲ್ಲೇ ಇದ್ರೂ ಮರ ಬಿದ್ದು ಲೈನ್ ಹೋಗೋದೂ ಅದೇ ತಿಂಗ್ಳು, ಅಂಥ ರಾತ್ರಿ ಎರಡು ಗಂಟೆ ಹೊತ್ತು ಫ್ರಿಡ್ಜು, ಲೈಟು ಓಡ್ಸೋಕೆ ಅಂತ ಮಾತ್ರ ಜನರೇಟ್ರು ಇಟ್ಕೊಂಡಿದೀನಿ.

ಹಾಕ್ಸೋರು ನಿಂಬೆ ಸಿಪ್ಪೆ ರಾಶಿಗಟ್ಲೆ ಸುರೀಬೇಡಿ, ಹುಳಿ ಹೆಚ್ಚಾಗಿ ಗ್ಯಾಸ್ ನಿಲ್ಲುತ್ತೆ. ಅಡಿಕೆ ಸಿಪ್ಪೆಯಂತೂ ಬೇಡ್ವೇ ಬೇಡ, ನಾರು ಬೇಗ ಕೊಳೆಯಲ್ಲ, ಪೈಪಿಗೆ ಸಿಕ್ಕಿ ಕೂತಿದ್ದನ್ನ ನಾನು ಅರ್ಧ ದಿನ ಬಿದಿರು ಗಳದಲ್ಲಿ ಚುಚ್ಚಿ ತೆಗ್ದಿದೀನಿ.