ಟೆಲಿಗ್ರಾಂ ಗುಂಪು: ಊರು ಬಿಟ್ಟ ಯಕ್ಷಗಾನದ ಆಟದ ಪ್ರಿಯರಿಗೆ ಒಳ್ಳೆಯ ಚಾವಡಿ

ಮೇ ಕೊನೆಯ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೂ ಯಕ್ಷಗಾನದ ಮಾತು ನಿಲ್ಲಬಾರದು ಎನ್ನುವ ಉಡುಪಿ-ಮಂಗಳೂರಿನವರಿಗೆ ವಾಟ್ಸಾಪ್‌ಗಿಂತ ಟೆಲಿಗ್ರಾಂ ಗುಂಪೇ ಮೇಲು. ಅಲ್ಲಿ ಗುಂಪೊಂದಕ್ಕೆ 1,024 ಜನ, ಇಲ್ಲಿ 2 ಲಕ್ಷ. ಅದಕ್ಕಿಂತ ದೊಡ್ಡದು, ಇವತ್ತು ದುಬೈಯಿಂದ ಸೇರಿದವರಿಗೂ ಹಳೆಯ ಚರ್ಚೆ, ಭಾಗವತಿಕೆಯ (ಯಕ್ಷಗಾನದ ಹಾಡುಗಾರಿಕೆ) ಧ್ವನಿಮುದ್ರಣ ಎಲ್ಲ ಸಿಗುತ್ತದೆ. ಖಾಸಗಿ ಗುಂಪಾದರೆ ಅಡ್ಮಿನ್ ಚಾಟ್ ಹಿಸ್ಟರಿಯನ್ನು 'ವಿಸಿಬಲ್' ಮಾಡಿರಬೇಕು. ಮರೆತರೆ ಹೊಸಬರಿಗೆ ಖಾಲಿ ಅಂಗಳ.

ವಿಡಿಯೊವನ್ನು 'ಫೈಲ್' ಆಗಿಯೇ ಕಳಿಸಿ, ಇಲ್ಲವಾದರೆ ಗಾತ್ರ ಕುಗ್ಗಿ ವೇಷದ ಬಣ್ಣ ಕಲಸಿಹೋಗುತ್ತದೆ. ಉಚಿತ ಖಾತೆಯಲ್ಲಿ ಫೈಲಿಗೆ 2 ಜಿಬಿ ಮಿತಿ, ಇಡೀ ರಾತ್ರಿಯ ಆಟವನ್ನು ತುಂಡು ಮಾಡಬೇಕಾಗುತ್ತದೆ. ಯಕ್ಷಗಾನದ ತೆಂಕು-ಬಡಗು ಶೈಲಿಗಳ ವಾದ ಬಿಸಿಯಾದರೆ ಸ್ಲೋ ಮೋಡ್ ಹಾಕಿ: ಒಬ್ಬರಿಗೆ 5 ನಿಮಿಷಕ್ಕೊಂದೇ ಸಂದೇಶ. ನಂಬರ್ ಕಾಣುವ ಅಂಜಿಕೆಯಿದ್ದರೆ ಪ್ರೈವೆಸಿಯಲ್ಲಿ ಫೋನ್ ನಂಬರನ್ನು 'ನೋಬಡಿ' ಮಾಡಿ. ಗುಂಪಿನ ಮಾತಿಗೆ ಎಂಡ್-ಟು-ಎಂಡ್ ಗೂಢಲಿಪಿ (ಕಳಿಸಿದವರು, ಪಡೆದವರು ಮಾತ್ರ ಓದಬಲ್ಲ ಭದ್ರತೆ) ಇಲ್ಲ. ಮನೆಯ ಗುಟ್ಟು ಅಲ್ಲಿ ಬೇಡ.